ಹಳೆಯ ಕ್ಯಾಮೆರಾಕ್ಕೆ ಬದಲು



ಶಾಲೆಯ ಸಮಾರಂಭಗಳಲ್ಲಿ ಕೊರಳಿಗೆ ಕ್ಯಾಮೆರಾ ತೂಗುಹಾಕಿಕೊಂಡು ಅತ್ತಿತ್ತ ಸುಳಿದಾಡುವ ನಮ್ಮನ್ನು ನೀವೆಲ್ಲರೂ ಬಲ್ಲಿರಿ. ಛಾಯಾಗ್ರಹಣವು ನಮ್ಮ ವೃತ್ತಿಯಲ್ಲ, ಹವ್ಯಾಸ ಮಾತ್ರ. ಊರು ಬಿಟ್ಟು ಈ ಮುಂಬಯಿ ಮಹಾನಗರಕ್ಕೆ ಬಂದ ಮೊದಲ ವರ್ಷಗಳಲ್ಲಿ, ರಜೆಯ ದಿನಗಳ ಒಂಟಿತನವನ್ನು ಕಳೆಯಲೆಂದು ಹಿಡಿದದ್ದು. 2025ರ ಮಳೆಗಾಲದಲ್ಲಿ ನಮ್ಮ ಕ್ಯಾಮೆರಾ ಕೆಟ್ಟು ನಿಂತಿತು. ದುರಸ್ತಿಯ ಖರ್ಚು ಅದರ ಬೆಲೆಯ ಸಮೀಪಕ್ಕೇ ಬರುತ್ತಿದ್ದುದರಿಂದ ಬೇರೊಂದನ್ನು ಕೊಳ್ಳಲೇಬೇಕಾಯಿತು. ಕೂಡಿಟ್ಟ ಹಣವೋ ಪರಿಮಿತ. ಅಂಗಡಿಯಲ್ಲಿರುವ ಕ್ಯಾಮೆರಾಗಳೋ ಹತ್ತಾರು ಬಗೆಯವು. ಆ ಆಯ್ಕೆಯನ್ನು ಮಾಡುವಾಗ ನಾವು ಕಲಿತುದನ್ನು ನಿಮಗೆ ತಿಳಿಸುವುದೇ ಈ ಲೇಖನದ ಉದ್ದೇಶ.

“ಸರ್, ಮೊಬೈಲ್ ಇರುವಾಗ ಕ್ಯಾಮೆರಾ ಏಕೆ?” ಎಂದು ಒಂಬತ್ತನೆಯ ತರಗತಿಯ ಕೆಲವರು ಕೇಳಿದ್ದುಂಟು. ಪ್ರಶ್ನೆ ಯೋಗ್ಯವಾದುದೇ. ಹಗಲಿನ ಬೆಳಕಿನಲ್ಲಿ, ಹತ್ತಿರದಲ್ಲಿ ನಿಂತವರ ಚಿತ್ರಕ್ಕೆ ಮೊಬೈಲು ಸಾಕು. ಅಷ್ಟಕ್ಕಾಗಿ ಹಣ ಕಳೆಯಬೇಕಾದುದಿಲ್ಲ. ಆದರೆ ನಮಗೆ ಬೇಕಾಗಿದ್ದುದು ಬೇರೆ. ಅದನ್ನು ಹೇಳಲು ಒಂದು ಸಂಗತಿಯನ್ನು ತಿಳಿಸಬೇಕು.

2024ರ ಡಿಸೆಂಬರಿನ ಸ್ನೇಹ ಸಮ್ಮೇಳನದಲ್ಲಿ ಏಳನೆಯ ತರಗತಿಯ ಬಾಲಕಿಯೊಬ್ಬಳು ನೃತ್ಯ ಮಾಡಿದಳು. ಮನೆಯಲ್ಲಿ ನೃತ್ಯ ಕಲಿಸುವವರಿಲ್ಲ. ಕಂಡದ್ದನ್ನು ಕಂಡಂತೆ ಅಭ್ಯಾಸ ಮಾಡಿ ಕಲಿತವಳು. ಸಭೆಯೇ ಮೌನವಾಗಿ ನೋಡಿತು. ನಾವು ಹತ್ತಾರು ಚಿತ್ರಗಳನ್ನು ತೆಗೆದೆವು. ಮನೆಗೆ ಹೋಗಿ ನೋಡಿದರೆ ಒಂದರಲ್ಲಿಯೂ ಅವಳ ಮುಖ ಸ್ಪಷ್ಟವಾಗಿಲ್ಲ. ಕೈಗಳಿದ್ದೆಡೆಯಲ್ಲಿ ಬರಿಯ ಮಸುಕು. “ಮುಂದಿನ ವರ್ಷ ಸರಿಯಾಗಿ ತೆಗೆಯೋಣ” ಎಂದುಕೊಂಡೆವು. ಬೇಸಗೆಯಲ್ಲಿ ತಂದೆಯ ಕೆಲಸ ಹೋಗಿ ಆ ಕುಟುಂಬ ಕಲಬುರಗಿಯ ಕಡೆಯ ತಮ್ಮ ಹಳ್ಳಿಗೆ ಹಿಂದಿರುಗಿತು. ನಮ್ಮಂಥ ಶಾಲೆಯಲ್ಲಿ ಹೀಗೆ ನಡುವೆಯೇ ಹೊರಟುಹೋಗುವ ಮಕ್ಕಳು ಹೊಸಬರಲ್ಲ. ಅವರು ಇಲ್ಲಿದ್ದರೆಂಬುದಕ್ಕೆ ಹಾಜರಿ ಪುಸ್ತಕದ ಹೆಸರಿನ ಜೊತೆಗೆ ಒಂದು ಒಳ್ಳೆಯ ಚಿತ್ರವಾದರೂ ಉಳಿಯಬೇಡವೇ?

ಆದುದರಿಂದ ಕ್ಯಾಮೆರಾ ಕೊಳ್ಳುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ “ಯಾವ ಕ್ಯಾಮೆರಾ ಉತ್ತಮ?” ಎಂಬುದಲ್ಲ; “ನಾವು ಯಾವುದರ ಚಿತ್ರ ತೆಗೆಯುತ್ತೇವೆ? ಹಳೆಯದರಲ್ಲಿ ಯಾವುದು ಸಾಧ್ಯವಾಗಲಿಲ್ಲ?” ಎಂಬುದು. ನಮ್ಮ ಉತ್ತರ ಎರಡೇ ಮಾತಿನದು: ಮಂದ ಬೆಳಕಿನ ರಂಗಮಂಚದಲ್ಲಿ ಚಲಿಸುವ ಮಕ್ಕಳು, ಮತ್ತು ಕಿರಿದಾದ ಕೊಠಡಿಯಲ್ಲಿ ಸಾಲಾಗಿ ನಿಂತ ತರಗತಿ.

ಇಂಥ ಕ್ಯಾಮೆರಾದಲ್ಲಿ ಎರಡು ಅಂಗಗಳಿವೆ. ಒಂದು, ಬೆಳಕನ್ನು ಚಿತ್ರವಾಗಿ ಗ್ರಹಿಸುವ ಸೆನ್ಸರನ್ನೂ ಬೆಳಕಿನ ಬಾಗಿಲಾದ ಷಟರನ್ನೂ ಒಳಗೊಂಡ ಪೆಟ್ಟಿಗೆ. ಮತ್ತೊಂದು, ಅದರ ಮುಂದೆ ಕೂಡಿಸುವ ಮಸೂರ, ಅಂದರೆ ಲೆನ್ಸ್. ಕೊಳ್ಳುವವರ ಗಮನವೆಲ್ಲ ಪೆಟ್ಟಿಗೆಯ ಮೇಲಿರುತ್ತದೆ. ಆದರೆ ನಮ್ಮ ಚಿತ್ರಗಳು ಕೆಟ್ಟದ್ದು ಪೆಟ್ಟಿಗೆಯ ದೋಷದಿಂದಲ್ಲ, ನಾವು ಬಳಸಿದ ಲೆನ್ಸಿನ ಮಿತಿಯಿಂದ. ಹೇಗೆಂದು ನೋಡೋಣ.

ವಿಜ್ಞಾನದ ಪಾಠದಲ್ಲಿ ನೀವು ಪೀನ ಮಸೂರದ ಸಂಗಮದೂರವನ್ನು ಕಲಿತಿದ್ದೀರಿ. ಲೆನ್ಸಿನ ಮೇಲೆ 50 ಮಿ.ಮೀ. ಎಂದು ಬರೆದಿದ್ದರೆ ಅದೇ ಸಂಗಮದೂರ. ಪಕ್ಕದಲ್ಲಿ 1.8 ಎಂಬಂತಹ ಇನ್ನೊಂದು ಸಂಖ್ಯೆ ಇರುತ್ತದೆ. ಸಂಗಮದೂರವನ್ನು ಇದರಿಂದ ಭಾಗಿಸಿದರೆ ಬೆಳಕು ಒಳಹೋಗುವ ಕಿಂಡಿಯ ವ್ಯಾಸ ದೊರೆಯುತ್ತದೆ. 50ನ್ನು 1.8ರಿಂದ ಭಾಗಿಸಿದರೆ ಸುಮಾರು 28 ಮಿ.ಮೀ. ನಮ್ಮ ಹಳೆಯ ಲೆನ್ಸು, ಕ್ಯಾಮೆರಾದ ಜೊತೆಯಲ್ಲಿಯೇ ಬರುವ 18–55 ಮಿ.ಮೀ. ಜೂಮ್. ದೂರದ ರಂಗಮಂಚವನ್ನು ಹತ್ತಿರ ತರಲು ಅದನ್ನು 50ರ ಸಮೀಪಕ್ಕೆ ತಿರುಗಿಸಿದರೆ ಆ ಸಂಖ್ಯೆ 5.6ಕ್ಕೆ ಏರುತ್ತದೆ, ಆಗ ಕಿಂಡಿ ಸುಮಾರು 9 ಮಿ.ಮೀ. ಮಾತ್ರ. ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದೆಂಬುದನ್ನು ಮರೆಯಬಾರದು.

ವೃತ್ತದ ಕ್ಷೇತ್ರಫಲವು ವ್ಯಾಸದ ವರ್ಗಕ್ಕೆ ಅನುಗುಣವಾದುದರಿಂದ ಮೊದಲನೆಯ ಕಿಂಡಿಯಲ್ಲಿ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಸಾಗುತ್ತದೆ. ಜೂಮಿಗೆ ಸೆಕೆಂಡಿನ 1/20 ಭಾಗ ಬೇಕಾದ ಕಡೆಯಲ್ಲಿ ಇದಕ್ಕೆ ಸುಮಾರು 1/200 ಭಾಗ ಸಾಕು. ನರ್ತಿಸುವವಳ ಕೈ ಸೆಕೆಂಡಿಗೆ 2 ಮೀಟರ್ ಚಲಿಸುವುದೆಂದುಕೊಳ್ಳಿ. 1/20 ಸೆಕೆಂಡಿನಲ್ಲಿ ಅದು 10 ಸೆಂ.ಮೀ. ಸರಿದಿರುತ್ತದೆ, ಚಿತ್ರದಲ್ಲಿ ಮಸುಕೇ ಮಸುಕು. 1/200ರಲ್ಲಿ ಸರಿಯುವುದು 1 ಸೆಂ.ಮೀ. ಮಾತ್ರ. ಆ ಬಾಲಕಿಯ ಕೈಗಳು ಎಲ್ಲಿ ಕಳೆದುಹೋದವೆಂಬುದು ನಮಗೆ ತಿಳಿದದ್ದು ಈ ಲೆಕ್ಕ ಮಾಡಿದ ಮೇಲೆಯೇ. ಸೆನ್ಸರಿನ ಗ್ರಹಣಶಕ್ತಿಯನ್ನು ಹೆಚ್ಚಿಸಿಕೊಂಡೂ ವೇಗವನ್ನು ಪಡೆಯಬಹುದು. ಆದರೆ ಅತಿಯಾದರೆ ಚಿತ್ರದ ಮೇಲೆ ಸಣ್ಣ ಮರಳು ಚೆಲ್ಲಿದಂತಾಗುತ್ತದೆ. ದೊಡ್ಡ ಕಿಂಡಿಗೂ ಒಂದು ದೋಷವುಂಟು: ಒಬ್ಬರ ಮುಖ ಸ್ಪಷ್ಟವಾಗಿದ್ದರೆ ಅವರ ಹಿಂದಿನವರು ಮಸುಕಾಗುತ್ತಾರೆ. ಸಮೂಹ ಚಿತ್ರಕ್ಕೆ ಕಿಂಡಿಯನ್ನು ಕಿರಿದು ಮಾಡಿಕೊಳ್ಳಲೇಬೇಕು.

ಇನ್ನು ಕಿರಿದಾದ ಕೊಠಡಿಯ ಮಾತು. ನಮ್ಮ ಬಗೆಯ ಕ್ಯಾಮೆರಾದ ಸೆನ್ಸರ್ ಸುಮಾರು 24 ಮಿ.ಮೀ. ಅಗಲದ್ದು. ಸಮರೂಪ ತ್ರಿಕೋನಗಳ ನಿಯಮದಂತೆ, ಸೆನ್ಸರಿನ ಅಗಲವನ್ನು ಸಂಗಮದೂರದಿಂದ ಭಾಗಿಸಿ, ನಾವು ನಿಂತಿರುವ ದೂರದಿಂದ ಗುಣಿಸಿದರೆ, ಚಿತ್ರದಲ್ಲಿ ಎಷ್ಟು ಅಗಲ ಹಿಡಿಯುವುದೆಂದು ತಿಳಿಯುತ್ತದೆ. 3 ಮೀಟರ್ ದೂರದಿಂದ 18 ಮಿ.ಮೀ. ಲೆನ್ಸು 4 ಮೀಟರ್ ಅಗಲವನ್ನು ಹಿಡಿಯುತ್ತದೆ, 50 ಮಿ.ಮೀ. ಲೆನ್ಸು ಒಂದೂವರೆ ಮೀಟರಿಗೂ ಕಡಿಮೆ. ಎಂದರೆ ಸಾಲಾಗಿ ನಿಂತ ತರಗತಿಗೆ ನಮ್ಮ ಹಳೆಯ ಜೂಮೇ ಸರಿ. ಅದನ್ನು ಎಸೆಯಬೇಕಾದುದಿಲ್ಲ. ಕ್ಯಾಮೆರಾ ಕೆಟ್ಟಿತೆಂದು ಲೆನ್ಸನ್ನೂ ಮಾರಿಬಿಡುವುದು, ಲೇಖನಿ ಕೆಟ್ಟಿತೆಂದು ಪುಸ್ತಕವನ್ನೂ ಮಾರಿದಂತೆ.

ಅಂಗಡಿಯವರು ಮೊದಲು ಹೇಳುವುದು ಮೆಗಾಪಿಕ್ಸೆಲ್ ಲೆಕ್ಕ. ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಬಿಂದುಗಳು. ಎ-4 ಹಾಳೆಯನ್ನು ತುಂಬುವ ಚಿತ್ರವನ್ನು ಅಂಗುಲಕ್ಕೆ 300 ಬಿಂದುಗಳಂತೆ ಅಚ್ಚು ಹಾಕಲು 2480 × 3508, ಅಂದರೆ ಸುಮಾರು 87 ಲಕ್ಷ ಬಿಂದುಗಳು ಬೇಕು. 9 ಮೆಗಾಪಿಕ್ಸೆಲ್ಲಿಗಿಂತ ಕಡಿಮೆ. ಈ ವಾರ್ಷಿಕ ಸಂಚಿಕೆಯ ಪುಟಕ್ಕೆ ಅದಕ್ಕಿಂತ ಹೆಚ್ಚಿನದು ಏಕೆ? ಇಂದಿನ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇದರ ಎರಡು ಪಟ್ಟಿಗೂ ಹೆಚ್ಚು ಇರುತ್ತದೆ. ಆ ಸಂಖ್ಯೆಯ ಹಿಂದೆ ಓಡುವ ಅಗತ್ಯ ನಮಗಿರಲಿಲ್ಲ.

ಉಪಕರಣ ದೊಡ್ಡದಾದರೆ ಚಿತ್ರ ದೊಡ್ಡದಾಗುವುದಿಲ್ಲವೆಂಬುದಕ್ಕೆ ನಮ್ಮ ಈ ನಗರದಲ್ಲಿಯೇ ನಿದರ್ಶನವಿದೆ. ಇಲ್ಲಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿ ಕಲಿತ ಹೋಮಾಯಿ ವ್ಯಾರಾವಾಲಾ (1913–2012) ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕರೆಂದು ಪ್ರಸಿದ್ಧರು. 1947ರ ಆಗಸ್ಟಿನಲ್ಲಿ ದೆಹಲಿಯ ಕೆಂಪುಕೋಟೆಯ ಮೇಲೆ ರಾಷ್ಟ್ರಧ್ವಜ ಏರಿದುದನ್ನು ಅವರು ಚಿತ್ರಿಸಿದರು. ಅವರು ಬಳಸುತ್ತಿದ್ದ ಕ್ಯಾಮೆರಾಗಳಲ್ಲಿ ರೋಲಿಫ್ಲೆಕ್ಸ್ ಒಂದು. ಅದರ ಲೆನ್ಸನ್ನು ಬದಲಿಸುವಂತಿಲ್ಲ. ಫಿಲ್ಮಿನ ಒಂದು ಸುರುಳಿಗೆ 12 ಚಿತ್ರಗಳು ಮಾತ್ರ. 2011ರಲ್ಲಿ ಅವರಿಗೆ ಪದ್ಮವಿಭೂಷಣ ದೊರೆಯಿತು.

ಮುಂದಿನದು, ಹಳೆಯ ಲೆನ್ಸು ಹೊಸ ಪೆಟ್ಟಿಗೆಗೆ ಕೂಡುವುದೇ ಎಂಬ ಪ್ರಶ್ನೆ. ಲೆನ್ಸು ಕೂಡುವ ಬಾಯಿಗೆ ಮೌಂಟ್ ಎಂದು ಹೆಸರು. ಒಂದು ಸಂಸ್ಥೆಯದು ಸಾಮಾನ್ಯವಾಗಿ ಮತ್ತೊಂದಕ್ಕೆ ನೇರವಾಗಿ ಕೂಡದು. ಒಂದೇ ಸಂಸ್ಥೆಯಲ್ಲಿಯೂ ಕಾಲಕ್ಕೆ ತಕ್ಕಂತೆ ಮೌಂಟ್ ಬದಲಾಗುವುದುಂಟು. ನಿಕಾನ್ ಸಂಸ್ಥೆಯ ಎಫ್ ಮೌಂಟ್ 1959ರಲ್ಲಿ, ಕ್ಯಾನನ್ ಸಂಸ್ಥೆಯ ಇಎಫ್ ಮೌಂಟ್ 1987ರಲ್ಲಿ ಬಂದವು. ಅವುಗಳ ಪೆಟ್ಟಿಗೆಯೊಳಗೆ ಬೆಳಕನ್ನು ಕಣ್ಣಿನೆಡೆಗೆ ತಿರುಗಿಸುವ ಕನ್ನಡಿಯೊಂದು ಇರುತ್ತದೆ. 2018ರಲ್ಲಿ ಈ ಎರಡು ಸಂಸ್ಥೆಗಳೂ ಕನ್ನಡಿಯಿಲ್ಲದ ಕ್ಯಾಮೆರಾಗಳಿಗಾಗಿ ಹೊಸ ಮೌಂಟುಗಳನ್ನು ತಂದವು. ಕನ್ನಡಿ ಹೋದುದರಿಂದ ಪೆಟ್ಟಿಗೆ ತೆಳುವಾಯಿತು. ನಿಕಾನಿನ ಎಫ್ ಮೌಂಟಿನಿಂದ ಸೆನ್ಸರಿಗೆ 46.5 ಮಿ.ಮೀ. ದೂರವಿದ್ದರೆ ಹೊಸ ಝಡ್ ಮೌಂಟಿನಲ್ಲಿ ಅದು 16 ಮಿ.ಮೀ. ನಡುವಿನ 30.5 ಮಿ.ಮೀ. ಜಾಗವನ್ನು ತುಂಬುವ ಬಳೆಯಂಥ ಅಡಾಪ್ಟರ್ ಹಾಕಿದರೆ ಹಳೆಯ ಲೆನ್ಸು ಹೊಸ ಪೆಟ್ಟಿಗೆಗೆ ಕೂಡುತ್ತದೆ. ಹೊಸ ಲೆನ್ಸನ್ನು ಹಳೆಯ ಪೆಟ್ಟಿಗೆಗೆ ಹೀಗೆ ಕೂಡಿಸಲಾಗದು. ಅಲ್ಲಿ ಜಾಗವೇ ಇಲ್ಲ.

ಈಗ ನಮ್ಮ ಮುಂದೆ ಎರಡು ದಾರಿಗಳಿದ್ದವು. ಕನ್ನಡಿಯಿಲ್ಲದ ಹೊಸ ಪೆಟ್ಟಿಗೆಯನ್ನೂ ಅಡಾಪ್ಟರನ್ನೂ ಕೊಂಡರೆ ಹಣವೆಲ್ಲ ಅಲ್ಲಿಗೇ ತೀರುತ್ತಿತ್ತು. ಮಂದ ಬೆಳಕಿನ ಲೆನ್ಸಿಗೆ ಏನೂ ಉಳಿಯುತ್ತಿರಲಿಲ್ಲ. ಹಳೆಯ ಮೌಂಟಿನ, ಬಳಸಿದ ಪೆಟ್ಟಿಗೆಯೊಂದನ್ನು ಕೊಂಡರೆ 50 ಮಿ.ಮೀ. ಲೆನ್ಸಿಗೂ ಹಣ ಸಾಲುತ್ತಿತ್ತು. ನಾಲ್ಕು ದಿನ ಮನಸ್ಸು ಹೊಸದರ ಕಡೆಗೇ ಎಳೆಯಿತೆಂಬುದನ್ನು ಮರೆಮಾಚುವುದಿಲ್ಲ. ಕಡೆಗೆ ಎರಡನೆಯ ದಾರಿಯನ್ನೇ ಹಿಡಿದೆವು.

ಬಳಸಿದ ವಸ್ತುವನ್ನು ಪರೀಕ್ಷಿಸದೆ ಕೊಳ್ಳಬಾರದು. ಷಟರ್ ಎಷ್ಟು ಸಲ ತೆರೆದು ಮುಚ್ಚಿದೆಯೆಂದು ಕೇಳಬೇಕು, ಅದಕ್ಕೂ ಸವೆತವುಂಟು. ಕಿಂಡಿಯನ್ನು 16ಕ್ಕೆ ಕಿರಿದುಗೊಳಿಸಿ ಬಿಳಿಯ ಗೋಡೆಯ ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ಕಲೆಗಳು ಕಾಣುತ್ತವೆ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಬೇಕು. ಒಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಫೋರ್ಟ್ ಭಾಗದ ಅಂಗಡಿಗಳಲ್ಲಿ ನಾವು ನೋಡಿದ ಮೂರು ಲೆನ್ಸುಗಳಲ್ಲಿ ಎರಡಕ್ಕೆ ಬೂಷ್ಟು ಹಿಡಿದಿತ್ತು. ಕಡಲತಡಿಯ ಈ ನಗರದ ಮಳೆಗಾಲದಲ್ಲಿ ಇದು ಸಹಜ. ಈಗ ನಮ್ಮ ಲೆನ್ಸುಗಳು ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಚೀಲಗಳ ಜೊತೆಯಲ್ಲಿವೆ.

2025ರ ಡಿಸೆಂಬರಿನ ಸ್ನೇಹ ಸಮ್ಮೇಳನದ ಚಿತ್ರಗಳನ್ನು ನೀವು ಸೂಚನಾ ಫಲಕದಲ್ಲಿ ನೋಡಿದ್ದೀರಿ. ಕೋಲಾಟದ ಚಿತ್ರದಲ್ಲಿ ಕೋಲಿಗೆ ಕೋಲು ತಾಗಿದ ಕ್ಷಣ ಸ್ಪಷ್ಟವಾಗಿ ಮೂಡಿದೆ; ಎಂಟೂ ಜನರ ಬೆರಳುಗಳನ್ನು ಎಣಿಸಬಹುದು. ಅದನ್ನು ನೋಡಿದಾಗ ನಮಗೆ ಸಂತೋಷವಾಯಿತು. ಊರಿಗೆ ಹೋದ ಆ ಬಾಲಕಿಯ ನೆನಪೂ ಆಯಿತು. ಕಳೆದುಹೋದ ಚಿತ್ರವನ್ನು ಯಾವ ಲೆನ್ಸೂ ಹಿಂದಕ್ಕೆ ತರಲಾರದು.

ನೀವು ಮುಂದೆ ಸಂಪಾದಿಸಿ ಕ್ಯಾಮೆರಾವನ್ನಾಗಲಿ, ಬೇರೆ ಯಾವ ಉಪಕರಣವನ್ನಾಗಲಿ ಕೊಳ್ಳುವಾಗ, ಅಂಗಡಿಗೆ ಹೋಗುವ ಮೊದಲು ಹಳೆಯದರ ಕೊರತೆ ಏನೆಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿರಿ. ಆ ಕೊರತೆಯನ್ನು ನೀಗುವ ವಸ್ತುವಿಗೆ ಹಣ ಕೊಡಿರಿ. ಅಲ್ಲಿಯವರೆಗೆ ನಮ್ಮ ಕ್ಯಾಮೆರಾ ಶಿಕ್ಷಕರ ಕೊಠಡಿಯ ಕಪಾಟಿನಲ್ಲಿದೆ. ಶನಿವಾರ ಶಾಲೆ ಬಿಟ್ಟ ಮೇಲೆ, ಕೈ ತೊಳೆದುಕೊಂಡು ಬಂದವರಿಗೆ ಹಿಡಿಯಲು ಕೊಡುತ್ತೇವೆ.