ಮಗು ನಿಂತಲ್ಲಿಂದಲೇ ಪಾಠ

ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರಗಳಲ್ಲಿ (ಬಿಆರ್‌ಸಿ) ‘ಬಿಐಇಆರ್‌ಟಿ’ ಎಂಬ ಹುದ್ದೆಯೊಂದಿದೆ. ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು ಎಂಬುದು ಅದರ ಪೂರ್ಣ ರೂಪ. ಇವರಿಗೆ ತಮ್ಮದೇ ಆದ ತರಗತಿಯಿಲ್ಲ. ಇವತ್ತು ಹೋಬಳಿಯ ಶಾಲೆ, ನಾಳೆ ಊರಾಚೆಯ ತೋಟದ ಮನೆ. ವಿಶೇಷ ಅಗತ್ಯವುಳ್ಳ ಮಕ್ಕಳು ಎಲ್ಲೆಲ್ಲಿದ್ದಾರೋ ಅಲ್ಲಲ್ಲಿಗೆ ಇವರ ಓಡಾಟ. ಓದಿನಲ್ಲಿ ಹಿಂದೆ ಬಿದ್ದ ಮಗುವನ್ನು ಮತ್ತೆ ಓದಿಗೆ ಹಚ್ಚುವುದು ಇವರ ಕಸುಬು.

ಪಾಠ ತಪ್ಪಿಹೋಗುವುದಕ್ಕೆ ಕಾರಣಗಳು ಹಲವು. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಕಾಲಿನ ಶಸ್ತ್ರಚಿಕಿತ್ಸೆಯಾದರೆ ಪ್ಲಾಸ್ಟರ್, ಆಮೇಲೆ ವ್ಯಾಯಾಮ ಎಂದು ತಿಂಗಳುಗಳೇ ಕಳೆಯುತ್ತವೆ. ಮೂರ್ಛೆರೋಗದ ಮಗು ಆಸ್ಪತ್ರೆಗೂ ಮನೆಗೂ ಅಲೆಯುತ್ತದೆ. ಮಗುವನ್ನು ಎತ್ತಿಕೊಂಡು ಶಾಲೆಗೆ ಬಿಡುತ್ತಿದ್ದ ತಾಯಿ ಕೂಲಿಗೆ ಹೋಗಬೇಕಾಗಿ ಬಂದರೆ ಆ ದಿನದ ಓದು ಅಲ್ಲಿಗೇ ನಿಂತಿತು. ಇವೆಲ್ಲ ಹಾಜರಿ ಪುಸ್ತಕದಲ್ಲಿ ಕಾಣುವ ಗೈರು.

ಹಾಜರಿಯಲ್ಲಿ ಕಾಣದ ಗೈರೂ ಇದೆ, ಅದು ಇನ್ನೂ ಹೆಚ್ಚು ಕಾಡುತ್ತದೆ. ಕಿವಿ ಮಂದವಾಗಿರುವ ಹುಡುಗಿ ದಿನವೂ ತರಗತಿಗೆ ಬರುತ್ತಾಳೆ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಮಾತಾಡಿದಾಗಲೆಲ್ಲ ಅವರ ತುಟಿ ಕಾಣದೆ ಪಾಠ ತಪ್ಪುತ್ತದೆ. ಡಿಸ್ಲೆಕ್ಸಿಯಾ ಇರುವ ಹುಡುಗ ನೆನಪಿನ ಬಲದಿಂದ ಪದ್ಯ ಒಪ್ಪಿಸಿ ಮೂರನೇ ತರಗತಿ ದಾಟುತ್ತಾನೆ, ನಾಲ್ಕರಲ್ಲಿ ಪುಟ ತುಂಬ ಅಕ್ಷರ ಬಂದಾಗ ಸಿಕ್ಕಿಬೀಳುತ್ತಾನೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದ ಮೇಲೆ ಎರಡೂ ಬಗೆಯ ನಷ್ಟ ಒಟ್ಟಿಗೇ ಬಂತು. ಪಾಠ ಮೊಬೈಲಿಗೆ ಹೋಯಿತು, ಮಾಸ್ಕು ತುಟಿ ಮುಚ್ಚಿತು, ಫಿಸಿಯೋಥೆರಪಿ ನಿಂತು ಎಷ್ಟೋ ಮಕ್ಕಳ ಕೈಕಾಲು ಬಿಗಿಯಿತು. ರಾಜ್ಯ ಸರ್ಕಾರ 2022–23ನೇ ಸಾಲಿನಲ್ಲಿ ಎಲ್ಲ ಮಕ್ಕಳಿಗಾಗಿ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ತಂದಿತು. ಈ ಮಕ್ಕಳಿಗೆ ಮಾತ್ರ ಚೇತರಿಕೆ ಒಂದು ವರ್ಷಕ್ಕೆ ಮುಗಿಯುವ ಕೆಲಸವಲ್ಲ.

ಸಂಪನ್ಮೂಲ ಶಿಕ್ಷಕರ ಕೆಲಸ ಪುಸ್ತಕ ತೆರೆಯುವ ಮೊದಲೇ ಶುರುವಾಗುತ್ತದೆ. ಮಗು ಯಾವ ತರಗತಿ ಎಂಬುದನ್ನು ಬದಿಗಿಟ್ಟು ಅದಕ್ಕೆ ಏನು ಬರುತ್ತದೆ, ಎಲ್ಲಿ ತಡೆಯುತ್ತದೆ ಎಂದು ನೋಡುತ್ತಾರೆ. ಐದನೇ ತರಗತಿಯ ಹುಡುಗನಿಗೆ ಕಳೆಯುವ ಲೆಕ್ಕ ಬರುತ್ತಿಲ್ಲ ಎನ್ನೋಣ. ದಶಕ ತೆಗೆದುಕೊಳ್ಳುವುದು ತಿಳಿದಿಲ್ಲವೇ, ಬಿಡಿ–ಹತ್ತರ ಸ್ಥಾನವೇ ತಿಳಿದಿಲ್ಲವೇ, ಅಥವಾ ಲೆಕ್ಕ ಗೊತ್ತಿದ್ದು ಅಂಕಿಯನ್ನು ಸಾಲಾಗಿ ಬರೆಯಲು ಕೈ ಬಗ್ಗುತ್ತಿಲ್ಲವೇ? ಮೂರಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ಹತ್ತರ ಕಟ್ಟು ಬಿಚ್ಚಿ ತೋರಿಸಬೇಕು. ಎರಡನೆಯದಕ್ಕೆ ಒಂದನೇ ತರಗತಿಯ ಕಡ್ಡಿ–ಕಟ್ಟಿಗೇ ಹಿಂದಿರುಗಬೇಕು. ಮೂರನೆಯದಕ್ಕೆ ದೊಡ್ಡ ಚೌಕದ ಹಾಳೆ ಸಾಕು. ಈ ಹುಡುಕಾಟದ ಫಲವೇ ‘ವೈಯಕ್ತಿಕ ಶಿಕ್ಷಣ ಯೋಜನೆ’. ಮಗು ಮುಂದೆ ಕಲಿಯಬೇಕಾದ ಒಂದೊಂದೇ ಸಣ್ಣ ಹೆಜ್ಜೆಯನ್ನು ಅದರಲ್ಲಿ ಬರೆದಿಡುತ್ತಾರೆ.

ಈ ದಾರಿ ನಮ್ಮ ಸರ್ಕಾರಿ ಶಾಲೆಗಳಿಗೆ ಹೊಸದೇನಲ್ಲ. ಹೆಗ್ಗಡದೇವನಕೋಟೆಯಲ್ಲಿ 1995ರ ಹೊತ್ತಿಗೆ, ಆಂಧ್ರದ ರಿಷಿ ವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು ಆರಂಭವಾದ ‘ನಲಿ–ಕಲಿ’ಯಲ್ಲಿ ಮಕ್ಕಳು ಕಲಿಕಾ ಏಣಿಯ ಮೆಟ್ಟಿಲುಗಳನ್ನು ತಂತಮ್ಮ ವೇಗದಲ್ಲಿ ಏರುತ್ತಾರೆ. ಹದಿನೈದು ದಿನ ಬಾರದಿದ್ದ ಮಗು ತಾನು ಬಿಟ್ಟಿದ್ದ ಕಾರ್ಡಿನಿಂದಲೇ ಮುಂದುವರಿಯಬಹುದು. ನಲಿ–ಕಲಿ ಮುಗಿದ ಮೇಲೆ ತರಗತಿ ಒಂದೇ ಪುಟವನ್ನು ಒಟ್ಟಿಗೆ ಓದತೊಡಗುತ್ತದೆ, ಹಿಂದುಳಿದ ಮಗುವಿಗೆ ಕಷ್ಟ ಎದುರಾಗುವುದು ಅಲ್ಲಿಯೇ. ಅಲ್ಲಿಂದಾಚೆಗೆ ಆ ಏಣಿಯನ್ನು ಅದಕ್ಕೆ ಕಟ್ಟಿಕೊಡಬೇಕಾದವರು ಸಂಪನ್ಮೂಲ ಶಿಕ್ಷಕರು.

ಶಾಲೆಗೆ ಬರಲಾಗದ ಮಕ್ಕಳಿಗೆ ‘ಗೃಹಾಧಾರಿತ ಶಿಕ್ಷಣ’ವಿದೆ. ಮಗುವಿನ ಹೆಸರು ಊರಿನ ಶಾಲೆಯಲ್ಲಿರುತ್ತದೆ, ಪಾಠ ಮನೆಯಲ್ಲಿ ನಡೆಯುತ್ತದೆ. ಇಲ್ಲಿ ಕಲಿಸುವ ಸಾಮಾನು ಅಡುಗೆಮನೆಯಲ್ಲೇ ಸಿಗುತ್ತದೆ: ಎಣಿಸಲು ಹುಣಸೆಬೀಜ, ಅಳೆಯಲು ಪಾವು, ಬಣ್ಣ ಗುರುತಿಸಲು ಬೇಳೆಕಾಳು. ಮಾತು ಬಾರದ ಮಗುವಿನ ಮುಂದೆ ಚಿತ್ರಗಳ ಹಲಗೆ ಇಟ್ಟರೆ ಅದು ಬೆರಳಿನಿಂದಲೋ ಕಣ್ಣಿನ ನೋಟದಿಂದಲೋ ಉತ್ತರ ಹೇಳುತ್ತದೆ. ಶಿಕ್ಷಕರು ಆಗಾಗ ಬಂದು ಹೋಗುವವರು, ದಿನವೂ ಮಗುವಿನ ಜೊತೆಗಿರುವವರು ತಾಯಿ, ಅಜ್ಜಿ, ಅಕ್ಕಂದಿರು. ಆದ್ದರಿಂದ ಒಳ್ಳೆಯ ಸಂಪನ್ಮೂಲ ಶಿಕ್ಷಕರು ಮಗುವಿಗೆ ಕಲಿಸುವಷ್ಟೇ ಶ್ರದ್ಧೆಯಿಂದ ಮನೆಯವರಿಗೂ ಕಲಿಸುತ್ತಾರೆ. ಕೂರಲು ಬಲ ಬಂದ ಮೇಲೆ ಮಗು ಬಿಆರ್‌ಸಿ ಆಶ್ರಯದ ಶಾಲಾ ಸಿದ್ಧತಾ ಕೇಂದ್ರಕ್ಕೆ ಬಂದು, ಬೇರೆ ಮಕ್ಕಳೊಡನೆ ಕೂತು, ತನ್ನ ಸರದಿಗೆ ಕಾಯುವುದನ್ನು ಕಲಿಯಬಹುದು. ಅಲ್ಲಿಂದ ಊರ ಶಾಲೆಗೆ ದಾಟಿಸುವುದು ಗುರಿ. ಮನೆಪಾಠ ಆ ಗುರಿಗೆ ದಾರಿಯಾಗಬೇಕೇ ಹೊರತು ಮಗುವನ್ನು ಮನೆಯಲ್ಲೇ ಉಳಿಸುವ ನೆಪವಾಗಬಾರದು.

ಇದೆಲ್ಲ ಯಾರದೋ ದಯೆಯಿಂದ ಸಿಗುವುದೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಶಾಲೆಯಿಂದ ಹೊರಗುಳಿದ ಮಗುವಿಗೆ ವಯಸ್ಸಿಗೆ ತಕ್ಕ ತರಗತಿಗೆ ಪ್ರವೇಶ ಕೊಡಬೇಕು, ಜೊತೆಯವರ ಮಟ್ಟ ಮುಟ್ಟಲು ವಿಶೇಷ ತರಬೇತಿಯನ್ನೂ ಕೊಡಬೇಕು. 14 ವರ್ಷ ದಾಟಿದರೂ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಆ ಹಕ್ಕು ಉಳಿಯುತ್ತದೆ. 2012ರ ತಿದ್ದುಪಡಿ ತೀವ್ರ ಅಥವಾ ಬಹುವಿಧ ವೈಕಲ್ಯವಿರುವ ಮಕ್ಕಳಿಗೆ ಮನೆಯಲ್ಲೇ ಕಲಿಯುವ ಆಯ್ಕೆ ಕೊಟ್ಟಿತು. ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ ಮಕ್ಕಳಿಗೆ 18 ವರ್ಷದವರೆಗೂ ಉಚಿತ ಶಿಕ್ಷಣದ ಹಕ್ಕು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿದೆ. ಆ ಕಾಯ್ದೆ ಗುರುತಿಸುವ 21 ಬಗೆಯ ವೈಕಲ್ಯಗಳಲ್ಲಿ ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ.

ಹಕ್ಕು ದೊಡ್ಡದು, ಅದನ್ನು ಮನೆಬಾಗಿಲಿಗೆ ತಲುಪಿಸುವ ಕೈಗಳು ಕಡಿಮೆ. ಒಂದೊಂದು ಬ್ಲಾಕಿನಲ್ಲಿ ಬೆರಳೆಣಿಕೆಯ ಸಂಪನ್ಮೂಲ ಶಿಕ್ಷಕರು ಹಳ್ಳಿ ಹಳ್ಳಿ ಸುತ್ತಬೇಕು. ಅವರು ಬಂದು ಹೋದ ಮೇಲೆ ಉಳಿದ ದಿನಗಳೆಲ್ಲ ತರಗತಿಯ ಶಿಕ್ಷಕರ ಕೈಯಲ್ಲೇ ಇವೆ. ಮಕ್ಕಳತ್ತ ಮುಖ ಮಾಡಿ ಮಾತಾಡುವುದು, ಮುಂದಿನ ಬೆಂಚಿನಲ್ಲಿ ಕೂರಿಸುವುದು, ಹತ್ತು ಲೆಕ್ಕದ ಬದಲು ನಾಲ್ಕನ್ನೇ ಕೊಟ್ಟು ಸರಿಯಾಗಿ ಮಾಡಿಸುವುದು, ಬರೆಯಲಾಗದ ಮಗುವಿನ ಉತ್ತರವನ್ನು ಬಾಯಲ್ಲಿ ಕೇಳುವುದು: ಇವಕ್ಕೆ ಹಣ ಬೇಡ, ಮನಸ್ಸು ಬೇಕು. ‘ಸಿಲೆಬಸ್ ಮುಗಿಸಬೇಕು’ ಎಂಬ ಅವಸರ ಈ ಮನಸ್ಸನ್ನು ನುಂಗದಂತೆ ಮುಖ್ಯಶಿಕ್ಷಕರೂ ಅಧಿಕಾರಿಗಳೂ ನೋಡಿಕೊಳ್ಳಬೇಕು.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಶಾಲೆ ಬಿಟ್ಟು ಕೂತ ಇಂಥ ಮಗುವಿದ್ದರೆ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯಶಿಕ್ಷಕರನ್ನೋ ಬಿಆರ್‌ಸಿಯನ್ನೋ ಕಾಣಿ. ಬಿಐಇಆರ್‌ಟಿ ಯಾರು, ಯಾವಾಗ ಬರುತ್ತಾರೆ ಎಂದು ಕೇಳಿ. ತಪಾಸಣಾ ಶಿಬಿರ ಯಾವಾಗ ಎಂದು ವಿಚಾರಿಸಿ, ವಿಶಿಷ್ಟ ವೈಕಲ್ಯ ಗುರುತಿನ (ಯುಡಿಐಡಿ) ಕಾರ್ಡ್ ಮಾಡಿಸಿ. ಹೆಣ್ಣುಮಗುವಾದರೆ ಸಮಗ್ರ ಶಿಕ್ಷಣ ಯೋಜನೆಯಡಿ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳ ಪ್ರೋತ್ಸಾಹಧನದ ಬಗ್ಗೆಯೂ ಕೇಳಿ. ದೊಡ್ಡ ಮಕ್ಕಳಿಗೆ ಪರೀಕ್ಷೆಯಲ್ಲಿ ಲಿಪಿಕಾರರ ನೆರವು, ಹೆಚ್ಚುವರಿ ಸಮಯ ಸಿಗುತ್ತದೆ. ಶಾಲೆಯ ವೇಳೆಗೆ ಹೊಂದಲಾಗದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ದಾರಿಯೂ ಇದೆ. ‘ಇನ್ನು ತಡವಾಯಿತು’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕಲಿಯಬೇಕಾದ್ದು ಎಷ್ಟು ಬಾಕಿಯಿದೆ ಎಂಬ ಲೆಕ್ಕ ಆಮೇಲೆ ಹಾಕಬಹುದು, ಮಗುವಿಗೆ ಇವತ್ತು ಏನು ಬರುತ್ತದೆ ಎಂದು ತಿಳಿದುಕೊಂಡು ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗುವುದು ಮೊದಲ ಕೆಲಸ.