ಪೆಟ್ರಾ: ಬಂಡೆಯನ್ನೇ ಮನೆ ಮಾಡಿಕೊಂಡವರು

ಜೋರ್ಡಾನ್ ದೇಶದ ಪೆಟ್ರಾ. ಕೆಂಪು ಮರಳುಗಲ್ಲಿನಲ್ಲಿ ಕಡೆದ ಈ ಕಂಬ, ಕಮಾನುಗಳನ್ನು ನೋಡಿದರೆ ಯಾರೋ ಮಹಾರಾಜರ ಅರಮನೆ ಅನ್ನಿಸುತ್ತೆ, ಅಲ್ವಾ? ಇವುಗಳಲ್ಲಿ ಹೆಚ್ಚಿನವು ಸಮಾಧಿಗಳು. ಇವನ್ನು ಕಡೆಸಿದ ನಬಾತಿಯನ್ನರು ಮೊದಲು ಒಂಟೆ, ಕುರಿ ಹೊಡೆದುಕೊಂಡು ತಿರುಗುತ್ತಿದ್ದ ಅಲೆಮಾರಿಗಳು.

ಆ ಅಲೆಮಾರಿ ದಿನಗಳಲ್ಲಿ ಅವರು ಮನೆ ಕಟ್ಟುತ್ತಿರಲಿಲ್ಲ, ಬಿತ್ತುತ್ತಿರಲಿಲ್ಲ ಅಂತ ಗ್ರೀಕ್ ಇತಿಹಾಸಕಾರ ಡಿಯೋಡೋರಸ್ ಬರೆದಿದ್ದಾನೆ. ಆದರೆ ನೆಲದಡಿ ನೀರಿನ ತೊಟ್ಟಿ ತೋಡುತ್ತಿದ್ದರು. ಬಾಯಿ ತೀರಾ ಕಿರಿದು, ಇಳಿದಂತೆಲ್ಲ ಅಗಲ. ಒಳಗೆ ಗಾರೆ ಬಳಿದು, ಮಳೆನೀರು ತುಂಬಿಸಿ, ಬಾಯಿ ಮುಚ್ಚಿ, ತಮಗಷ್ಟೇ ತಿಳಿಯುವ ಗುರುತು ಹಾಕುತ್ತಿದ್ದರು. ಶತ್ರು ಬಂದರೆ ಸೀದಾ ಮರುಭೂಮಿಗೆ! ಬೆನ್ನಟ್ಟಿದವರಿಗೆ ಹನಿ ನೀರೂ ಸಿಗದು. ಆ ಭವ್ಯ ಮುಖಮಂಟಪಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು ಈ ತೊಟ್ಟಿಗಳೇ.

ಎಷ್ಟೋ ಶತಮಾನಗಳ ನಂತರ ಬಂಡೆಯಲ್ಲಿ ಕಡೆದ ಅದೇ ಸಮಾಧಿ-ಗುಹೆಗಳಲ್ಲಿ ಬದೂಲ್ ಎಂಬ ಬೆದೂಯಿನ್ ಪಂಗಡ ಒಲೆ ಹೂಡಿತು. ಚಳಿಗಾಲಕ್ಕೆ ಗುಹೆ, ಉಳಿದಂತೆ ಮೇಕೆಕೂದಲ ಡೇರೆ. ಗೋಡೆಯ ಮಸಿಯೂ ಪೆಟ್ರಾದ ಚರಿತ್ರೆಯೇ.

1985ರಲ್ಲಿ ಪೆಟ್ರಾ ವಿಶ್ವ ಪರಂಪರೆಯ ತಾಣವಾಯಿತು. ಆಗಲೇ ಬದೂಲರನ್ನು ಪಕ್ಕದ ಉಮ್ ಸೈಹೂನ್ ಎಂಬ ಹೊಸ ಊರಿಗೆ ಕಳಿಸಿದರು. ಗುಹೆಯ ಹಕ್ಕು ಬಿಡಲೊಪ್ಪದ ಕೆಲವು ಕುಟುಂಬಗಳು ಮಾತ್ರ ಅಲ್ಲೇ ಉಳಿದವು.