ನಿಮಗಿದು ಗೊತ್ತೆ?
ಊರಿಗಾಗಿ ಕಿರಿದಾದ ಬಚ್ಚಲು!

ಜಪಾನಿನ ಕಿನೊಸಾಕಿ ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಊರು. ಆದರೆ ಅಲ್ಲಿನ ವಸತಿಗೃಹಗಳು ತಮ್ಮೊಳಗೆ ದೊಡ್ಡ ಸ್ನಾನದ ಕೊಳ ಕಟ್ಟಿಕೊಳ್ಳುವಂತಿಲ್ಲ! ಅತಿಥಿಗಳು ಬೀದಿಗೆ ಇಳಿದು, ಊರಿನ ಸಾರ್ವಜನಿಕ ಸ್ನಾನಗೃಹಗಳಿಗೇ ಹೋಗಲಿ ಎಂಬುದು ಇದರ ಉದ್ದೇಶ. ವಸತಿಗೃಹದೊಳಗೆ ಕೊಳ ಇರಬಹುದೇ ಎಂಬ ಬಗ್ಗೆ 1927ರಲ್ಲಿ ಶುರುವಾದ ವ್ಯಾಜ್ಯ ರಾಜಿಯಲ್ಲಿ ಮುಗಿದದ್ದು 1950ರಲ್ಲಿ. ಒಳಗಿನ ಕೊಳ ಇರಲಿ, ಆದರೆ ಅಳತೆ ಮೀರದಿರಲಿ ಎಂದು ತೀರ್ಮಾನವಾಯಿತು.

ಸಂಜೆಯಾದರೆ ಯುಕಾತಾ ಎಂಬ ಹತ್ತಿಯ ನಿಲುವಂಗಿ ತೊಟ್ಟು, ಮರದ ಹಾವುಗೆ ಟಕಟಕ ಎನ್ನಿಸುತ್ತ ಪ್ರವಾಸಿಗರು ಒಂದು ಸ್ನಾನಗೃಹದಿಂದ ಇನ್ನೊಂದಕ್ಕೆ ನಡೆಯುತ್ತಾರೆ. ನಡುವೆ ತಿಂಡಿ, ಚಹಾ, ಖರೀದಿ. ದುಡ್ಡು ಒಂದೇ ಹೋಟೆಲಿನ ಪೆಟ್ಟಿಗೆ ಸೇರದೆ ಚಿಕ್ಕಪುಟ್ಟ ಅಂಗಡಿಗಳಿಗೂ ಹಂಚಿಹೋಗುತ್ತದೆ. ಊರವರ ಪಾಲಿಗೆ ಇಡೀ ಕಿನೊಸಾಕಿಯೇ ಒಂದು ವಸತಿಗೃಹ: ರೈಲು ನಿಲ್ದಾಣ ಅದರ ಹೆಬ್ಬಾಗಿಲು, ಬೀದಿಗಳೇ ಪಡಸಾಲೆ.